ಗಣಿ ಮುಚ್ಚಿದ ಮೇಲೆ ಉಳಿಯುವ ವೀಕ್ಷಣಾ ಕೊಳವೆಬಾವಿಗಳು: ಮುಚ್ಚುವುದೇ, ವಹಿಸಿಕೊಳ್ಳುವುದೇ?

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)



ತಲಪರಿಗೆ ಎಂಬ ಮಾತು ನಮ್ಮ ಸೀಮೆಯ ಹಿರಿಯರಿಗೆ ಹೊಸದಲ್ಲ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಹಳ್ಳದ ಬದಿಯಲ್ಲಿ, ಕೆರೆಯ ಆಸುಪಾಸಿನಲ್ಲಿ ಮರಳು ಬಗೆದಾಗ ಒಸರುತ್ತಿದ್ದ ನೀರನ್ನು ಕಾಲುವೆ ಮಾಡಿ ಹೊಲಗದ್ದೆಗಳಿಗೆ ಹರಿಸಿಕೊಳ್ಳುತ್ತಿದ್ದ ವ್ಯವಸ್ಥೆ ಅದು. ತಲಪರಿಗೆಯ ಒಸರು ತಗ್ಗಿದರೆ ನೆಲದೊಳಗಿನ ನೀರು ತಗ್ಗಿದೆ ಎಂದು ಊರಿಗೆ ಊರೇ ತಿಳಿಯುತ್ತಿತ್ತು. ಕೊಳವೆಬಾವಿಗಳು ಹೆಚ್ಚಿದ ಮೇಲೆ ಬಹುತೇಕ ತಲಪರಿಗೆಗಳು ಬತ್ತಿದವು. ಅವುಗಳೊಂದಿಗೆ ಅಂತರ್ಜಲವನ್ನು ಕಣ್ಣಾರೆ ಕಂಡು ಅಂದಾಜು ಮಾಡುವ ಸೌಕರ್ಯವೂ ಇಲ್ಲವಾಯಿತು. ಇಂದು ಆ ಕೆಲಸವನ್ನು ಮಾಡುತ್ತಿರುವುದು ವೀಕ್ಷಣಾ ಕೊಳವೆಬಾವಿ.

ಗಣಿ ಮತ್ತು ಕಲ್ಲು ಕ್ವಾರಿ ನಡೆಯುವ ಸ್ಥಳಗಳಲ್ಲಿ ಇಂತಹ ಬಾವಿಗಳನ್ನು ಪರಿಸರ ಅನುಮತಿಯ ಅಥವಾ ಅಂತರ್ಜಲ ಅನುಮತಿಯ ಷರತ್ತಿನಂತೆ ಗುತ್ತಿಗೆದಾರರೇ ಕೊರೆಸಿರುತ್ತಾರೆ. ಗುತ್ತಿಗೆ ಮುಗಿದು, ಗುಂಡಿ ತುಂಬಿ, ಗಿಡ ನೆಟ್ಟು, ಯಂತ್ರಗಳು ಹೊರಟ ಮೇಲೆ ಈ ಬಾವಿಗಳು ಅಲ್ಲಿಯೇ ಉಳಿಯುತ್ತವೆ. ಆಗ ಕೇಳಿಬರುವ ಮಾತುಗಳು ಎರಡು. ಒಂದು, “ಪಂಚಾಯಿತಿಯವರು ಇಟ್ಟುಕೊಳ್ಳಲಿ, ನೀರಿಗೆ ಆಗುತ್ತದೆ.” ಇನ್ನೊಂದು, “ಎರಡು ಟ್ರ್ಯಾಕ್ಟರ್ ಮಣ್ಣು ಹಾಕಿ ಮುಚ್ಚಿಬಿಡಿ.” ಎರಡನ್ನೂ ವಿಚಾರಿಸದೆ ಒಪ್ಪುವುದು ಸರಿಯಲ್ಲ. ವೀಕ್ಷಣಾ ಬಾವಿಗೆ ದಾಖಲೆಯುಳ್ಳ ಒಡೆಯ ಇರಬೇಕು. ಇಲ್ಲವೇ ಅದು ತಳದಿಂದ ನೆಲಮಟ್ಟದವರೆಗೆ ಕ್ರಮಬದ್ಧವಾಗಿ ಮುಚ್ಚಿರಬೇಕು. ಇವೆರಡರ ನಡುವೆ, ಒಡೆಯನಿಲ್ಲದೆ ಅರ್ಧ ಮುಚ್ಚಿದ ಬಾವಿಯೇ ಎಲ್ಲಕ್ಕಿಂತ ಅಪಾಯಕಾರಿ. ಈ ತೀರ್ಮಾನವನ್ನು ಗ್ರಾಮ ಪಂಚಾಯಿತಿಯು ಯಾವ ಆಧಾರದ ಮೇಲೆ, ಯಾವ ಕ್ರಮದಲ್ಲಿ ಕೈಗೊಳ್ಳಬಹುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

1. ವೀಕ್ಷಣಾ ಕೊಳವೆಬಾವಿ ಎಂದರೇನು?

ನೀರೆತ್ತಲು ಅಲ್ಲದೆ, ನೀರಿನ ಮಟ್ಟವನ್ನು ಅಳೆಯಲು ಮಾತ್ರ ಕೊರೆದ ಬಾವಿಯೇ ವೀಕ್ಷಣಾ ಕೊಳವೆಬಾವಿ. ತಾಂತ್ರಿಕ ದಾಖಲೆಗಳಲ್ಲಿ ಇದಕ್ಕೆ ಪೀಜೋಮೀಟರ್ ಎಂಬ ಹೆಸರಿದೆ. ಕೇಂದ್ರ ಅಂತರ್ಜಲ ಪ್ರಾಧಿಕಾರದ 2020ರ ಸೆಪ್ಟೆಂಬರ್ 24ರ ಮಾರ್ಗಸೂಚಿಗಳು ಇದರ ಲಕ್ಷಣಗಳನ್ನು ಸ್ಪಷ್ಟವಾಗಿ ಹೇಳುತ್ತವೆ. ವ್ಯಾಸವು ಸುಮಾರು 4ರಿಂದ 6 ಅಂಗುಲ ಇರಬೇಕು. ನೀರೆತ್ತುವ ಬಾವಿಯಿಂದ ಕನಿಷ್ಠ 50 ಮೀಟರ್ ದೂರವಿರಬೇಕು. ಆಳವು ಆ ನೀರೆತ್ತುವ ಬಾವಿಯಷ್ಟೇ ಇರಬೇಕು. ಬಾವಿಯ ಸಂಖ್ಯೆ, ಆಳ, ನೀರಿನ ಪದರ ಇವುಗಳನ್ನು ಬರೆದ ಶಾಶ್ವತ ಫಲಕ ಸ್ಥಳದಲ್ಲಿರಬೇಕು. ಕರ್ನಾಟಕದಲ್ಲಿ ಅಂತರ್ಜಲ ಅನುಮತಿಯ ವಿಷಯವನ್ನು ರಾಜ್ಯದ ಅಂತರ್ಜಲ ಪ್ರಾಧಿಕಾರವೇ ನೋಡಿಕೊಳ್ಳುತ್ತದೆಯಾದರೂ, ಬಾವಿಯೊಂದು ನಿಜವಾಗಿ ವೀಕ್ಷಣಾ ಬಾವಿಯೇ ಎಂದು ಪರೀಕ್ಷಿಸಲು ಸದಸ್ಯರಿಗೆ ಈ ಲಕ್ಷಣಗಳು ಒಳ್ಳೆಯ ಅಳತೆಗೋಲು.

ಒಂದು ದಿನದ ಅಳತೆಯಿಂದ ಹೆಚ್ಚೇನೂ ತಿಳಿಯದು. ಹತ್ತು ವರ್ಷಗಳ ಕಾಲ ತಿಂಗಳಿಗೊಮ್ಮೆ ತೆಗೆದ ಅಳತೆಯಿದ್ದರೆ, ಯಾವ ಬರದಲ್ಲಿ ನೀರು ಎಷ್ಟು ಇಳಿಯಿತು, ಯಾವ ಮಳೆಗೆ ಎಷ್ಟು ಏರಿತು, ಗಣಿಯ ಪಂಪು ನಿಂತ ಮೇಲೆ ಏನಾಯಿತು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಹೊಸ ಬಾವಿಯನ್ನು ಹಣ ಕೊಟ್ಟು ಕೊರೆಸಬಹುದು. ಕಳೆದ ಹತ್ತು ವರ್ಷಗಳ ಅಳತೆಯನ್ನು ಎಷ್ಟು ಹಣ ಕೊಟ್ಟರೂ ಮರಳಿ ಪಡೆಯಲಾಗದು.

2. ನಮ್ಮ ತಾಲ್ಲೂಕುಗಳಿಗೆ ಇದು ಏಕೆ ಮುಖ್ಯ?

ಒಂದು ವರ್ಷದಲ್ಲಿ ಭೂಮಿಗೆ ಇಂಗಿ ಬಳಕೆಗೆ ದೊರೆಯುವ ನೀರಿನ ಶೇ. 70ರವರೆಗೆ ಎತ್ತುವ ಪ್ರದೇಶವನ್ನು ಸುರಕ್ಷಿತವೆಂದೂ, ಶೇ. 70ರಿಂದ 90ರವರೆಗಿನದನ್ನು ಅರೆ ಸಂದಿಗ್ಧವೆಂದೂ, ಶೇ. 90ರಿಂದ 100ರವರೆಗಿನದನ್ನು ಸಂದಿಗ್ಧವೆಂದೂ, ಶೇ. 100ನ್ನು ಮೀರಿದುದನ್ನು ಅತಿಬಳಕೆಯ ಪ್ರದೇಶವೆಂದೂ ವರ್ಗೀಕರಿಸಲಾಗುತ್ತದೆ. ನಮ್ಮ ಜಿಲ್ಲೆಯ ಮಧುಗಿರಿ, ಕೊರಟಗೆರೆ ಮುಂತಾದ ತಾಲ್ಲೂಕುಗಳು ಹಲವು ಮೌಲ್ಯಮಾಪನಗಳಲ್ಲಿ ಅತಿಬಳಕೆಯ ವರ್ಗದಲ್ಲಿಯೇ ಕಾಣಿಸಿಕೊಂಡಿವೆ. ಪಾವಗಡದ ನೀರಿನಲ್ಲಿ ಫ್ಲೋರೈಡಿನ ತೊಂದರೆ ಬಹುಕಾಲದಿಂದ ಎಲ್ಲರಿಗೂ ತಿಳಿದಿರುವ ಸಂಗತಿ. ಇಂತಹ ಸೀಮೆಯಲ್ಲಿ ನೀರಿನ ಮಟ್ಟವನ್ನೂ ಗುಣವನ್ನೂ ತಿಳಿಸುವ ಪ್ರತಿಯೊಂದು ಬಾವಿಗೂ ಬೆಲೆಯಿದೆ.

ನಮ್ಮ ನೆಲದ ಸ್ವಭಾವವನ್ನೂ ಗಮನಿಸಬೇಕು. ಮಧುಗಿರಿಯ ಏಕಶಿಲಾ ಬೆಟ್ಟದಿಂದ ಪಾವಗಡದ ಕೋಟೆಬೆಟ್ಟದವರೆಗೆ ಹರಡಿರುವುದು ಗಟ್ಟಿ ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಶಿಲೆಯ ಮೈಯಲ್ಲಿ ನೀರಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ, ಬಿರುಕಿನ ದಾರಿಯಲ್ಲಿಯೇ ಚಲಿಸುತ್ತದೆ. ಆದ್ದರಿಂದ ಒಂದು ಹೊಲದ ಬಾವಿಯಲ್ಲಿ ನೀರಿದ್ದು ಪಕ್ಕದ ಹೊಲದಲ್ಲಿ ಇಲ್ಲದಿರುವುದು ನಮಗೆ ದಿನನಿತ್ಯದ ಅನುಭವ. ಇದೇ ಕಾರಣದಿಂದ ಕ್ವಾರಿಯ ಗುಂಡಿಗೂ ಊರಿನ ಕುಡಿಯುವ ನೀರಿನ ಬಾವಿಗೂ ಸಂಬಂಧವಿದೆಯೇ ಇಲ್ಲವೇ ಎಂಬುದನ್ನು ಮೇಲುನೋಟಕ್ಕೆ ಹೇಳಲಾಗದು. ಅವೆರಡರ ನಡುವೆ ಇರುವ ವೀಕ್ಷಣಾ ಬಾವಿಯ ಅಳತೆಯೇ ಅದನ್ನು ಹೇಳಬೇಕು.

3. ಗಣಿ ನಿಂತ ಮಾತ್ರಕ್ಕೆ ನೀರಿನ ಬದಲಾವಣೆ ನಿಲ್ಲುವುದಿಲ್ಲ

ಕೆಲಸ ನಡೆಯುವಾಗ ಗುಂಡಿಯೊಳಗೆ ಜಿನುಗುವ ನೀರನ್ನು ಪಂಪು ಹೊರಹಾಕುತ್ತದೆ. ಇದರಿಂದ ಸುತ್ತಲಿನ ನೀರಿನ ಮಟ್ಟ ಗುಂಡಿಯ ಕಡೆಗೆ ಇಳಿಯುತ್ತದೆ. ಪಂಪು ನಿಂತ ಮೇಲೆ ಗುಂಡಿ ತುಂಬತೊಡಗಿ, ಮಟ್ಟವು ನಿಧಾನವಾಗಿ ಮೇಲೇರುತ್ತದೆ. ಈ ಏರಿಕೆ ಹಲವು ವರ್ಷ ನಡೆಯಬಹುದು. ಏರುವ ನೀರು ಒಡೆದ ಬಂಡೆಯ ಹೊಸ ಮುಖಗಳನ್ನು, ಉಳಿದ ಅದಿರಿನ ಪುಡಿಯನ್ನು, ಸಿಡಿಮದ್ದಿನ ಉಳಿಕೆಯನ್ನು ತೊಳೆಯುತ್ತ ಬರುವುದರಿಂದ ಅದರ ಗುಣವೂ ಬದಲಾಗಬಹುದು.

ಕೋಲಾರ ಚಿನ್ನದ ಗಣಿ ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದವು. ನೀರೆತ್ತುವ ಕೆಲಸ ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿತು. ಅದಿರು ಅರೆದು ಉಳಿದ ಪುಡಿಯ ದಿಬ್ಬಗಳು ಊರಿನ ನಡುವೆ ಹಾಗೆಯೇ ನಿಂತಿವೆ. ನಮ್ಮದೇ ಜಿಲ್ಲೆಯ ಅಜ್ಜನಹಳ್ಳಿಯಲ್ಲಿಯೂ ಹಟ್ಟಿ ಚಿನ್ನದ ಗಣಿ ಕಂಪನಿಯು ತೆರೆದ ಗಣಿಯಿಂದ ಅದಿರು ತೆಗೆದಿತ್ತು. ಕಬ್ಬಿಣದ ಅದಿರಿನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಂಭೀರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಸುಧಾರಣೆ ಮತ್ತು ಪುನರ್ವಸತಿ ಯೋಜನೆಯನ್ನು ಕಡ್ಡಾಯಗೊಳಿಸಿತು. ಗಣಿ ನಿಂತ ಮೇಲೂ ನೆಲ ಮತ್ತು ನೀರಿನ ಹೊಣೆ ಉಳಿದಿರುತ್ತದೆ ಎಂಬುದನ್ನು ಚಿಕ್ಕನಾಯಕನಹಳ್ಳಿ ಭಾಗದ ನಮ್ಮ ನೆರೆಯ ಪಂಚಾಯಿತಿಗಳು ಕಣ್ಣಾರೆ ಕಂಡಿವೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೆಚ್ಚಾಗಿ ಎದುರಾಗುವುದು ಕಟ್ಟಡ ಕಲ್ಲಿನ ಕ್ವಾರಿಗಳು. ಬಿಟ್ಟ ಕ್ವಾರಿಗೆ ಇನ್ನೊಂದು ಅಪಾಯವಿದೆ: ಅದನ್ನು ಕಸದ ಗುಂಡಿ ಮಾಡುವ ಆಸೆ. ಬೆಂಗಳೂರಿನ ಉತ್ತರ ಅಂಚಿನ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕ್ವಾರಿಗಳು ನಗರದ ಕಸ ತುಂಬುವ ತಾಣಗಳಾದುದನ್ನು ಸದಸ್ಯರು ಪತ್ರಿಕೆಗಳಲ್ಲಿ ಓದಿರಬಹುದು. ಗುಂಡಿಗೆ ಬಿದ್ದ ಕೊಳಕು ಬಿರುಕಿನ ಮೂಲಕ ಊರ ಬಾವಿಗೆ ತಲುಪುವ ಮೊದಲು ಅದನ್ನು ತೋರಿಸಿಕೊಡಬಲ್ಲದ್ದು ನಡುವೆ ಇರುವ ವೀಕ್ಷಣಾ ಬಾವಿ.

4. ಕಾನೂನಿನ ಹಿನ್ನೆಲೆ

ಪ್ರಧಾನ ಖನಿಜಗಳ ಗಣಿಗಳಿಗೆ 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಅನ್ವಯಿಸುತ್ತವೆ. ಇವುಗಳ ಪ್ರಕಾರ ಗುತ್ತಿಗೆದಾರನು ಗಣಿ ಮುಚ್ಚುವ ಯೋಜನೆಯನ್ನು ಸಲ್ಲಿಸಿ, ಅದಕ್ಕೆ ಆರ್ಥಿಕ ಭದ್ರತೆಯನ್ನು ನೀಡಿರಬೇಕು. ಯೋಜನೆಯಂತೆ ಕೆಲಸ ಮುಗಿದಿದೆ ಎಂಬ ಪ್ರಮಾಣಪತ್ರವಿಲ್ಲದೆ ಗಣಿಯನ್ನು ಬಿಟ್ಟುಹೋಗುವಂತಿಲ್ಲ. ಕಟ್ಟಡ ಕಲ್ಲು, ಅಲಂಕಾರಿಕ ಶಿಲೆ ಮುಂತಾದ ಉಪಖನಿಜಗಳಿಗೆ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು ಮತ್ತು ಆಯಾ ಕ್ವಾರಿಯ ಪರಿಸರ ಅನುಮತಿಯ ಷರತ್ತುಗಳು ಅನ್ವಯಿಸುತ್ತವೆ.

ಇಲ್ಲಿ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶವಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಪರಿಸರ ಅನುಮತಿ ಪಡೆದವರು ಅದರ ಪ್ರತಿಯನ್ನು ಸ್ಥಳೀಯ ಪಂಚಾಯಿತಿಗೂ ನೀಡಬೇಕು. ಪಂಚಾಯಿತಿಯು ಅದನ್ನು 30 ದಿನ ಸಾರ್ವಜನಿಕ ಪ್ರದರ್ಶನಕ್ಕೆ ಇಡಬೇಕು. ಅನುಮತಿಯ ಷರತ್ತುಗಳ ಪಾಲನೆಯ ಬಗ್ಗೆ ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಅರ್ಧವಾರ್ಷಿಕ ವರದಿ ಸಲ್ಲಿಸುವ ಕ್ರಮವೂ ಇದೆ. ಎಷ್ಟು ವೀಕ್ಷಣಾ ಬಾವಿಗಳನ್ನು ಎಲ್ಲಿ ಕೊರೆಸಬೇಕಿತ್ತು, ಅವುಗಳಲ್ಲಿ ಏನನ್ನು ಅಳೆಯಬೇಕಿತ್ತು ಎಂಬುದು ಈ ಕಾಗದಗಳಲ್ಲಿಯೇ ಇರುತ್ತದೆ. ಆದ್ದರಿಂದ ಮೊದಲ ಕೆಲಸ ಸ್ಥಳಕ್ಕೆ ಹೋಗುವುದಲ್ಲ. ಪಂಚಾಯಿತಿ ಕಚೇರಿಯ ಕಡತವನ್ನು ತೆರೆಯುವುದು.

ಬಿಟ್ಟ ಕೊಳವೆಬಾವಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2010ರ ಫೆಬ್ರವರಿ 11ರಂದು ನಿರ್ದೇಶನ ನೀಡಿ, ಅದೇ ವರ್ಷ ಆಗಸ್ಟ್‌ನಲ್ಲಿ ಅದನ್ನು ಪರಿಷ್ಕರಿಸಿತು. ಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ತುಂಬಬೇಕು, ತುಂಬಿದ ಬಗ್ಗೆ ಪ್ರಮಾಣಪತ್ರ ಪಡೆಯಬೇಕು, ಬಳಕೆಯಲ್ಲಿರುವ ಬಾವಿಯ ಕೇಸಿಂಗ್ ಪೈಪಿಗೆ ಭದ್ರವಾದ ಮುಚ್ಚಳ ಮತ್ತು ಸುತ್ತ ಸಿಮೆಂಟ್ ಕಟ್ಟೆ ಇರಬೇಕು ಎಂಬುದು ಅದರ ಸಾರ. ಗ್ರಾಮೀಣ ಪ್ರದೇಶದಲ್ಲಿ ಇದರ ಮೇಲ್ವಿಚಾರಣೆಯ ಹೊಣೆಯಲ್ಲಿ ಗ್ರಾಮದ ಚುನಾಯಿತ ಮುಖ್ಯಸ್ಥರಿಗೂ ಪಾಲಿದೆ. ರಾಜ್ಯದ 2011ರ ಅಂತರ್ಜಲ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯು ವಿಫಲ ಕೊಳವೆಬಾವಿಯನ್ನು ಮುಚ್ಚದೆ ಬಿಡುವುದನ್ನು ದಂಡ ಮತ್ತು ಸೆರೆವಾಸಕ್ಕೆ ಗುರಿಯಾಗುವ ಅಪರಾಧವೆಂದು ಪರಿಗಣಿಸಿದೆ.

ಈ ಕಟ್ಟುನಿಟ್ಟಿಗೆ ಕಾರಣವಿದೆ. 2014ರ ಆಗಸ್ಟ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಬಾಲಕನೊಬ್ಬ, 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾಲಕಿಯೊಬ್ಬಳು ತೆರೆದ ಕೊಳವೆಬಾವಿಗೆ ಬಿದ್ದು ತೀರಿಕೊಂಡರು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಜೀವಂತವಾಗಿ ಹೊರತೆಗೆಯಲಾಯಿತು. ಎಲ್ಲ ಮಕ್ಕಳಿಗೂ ಆ ಭಾಗ್ಯವಿರುವುದಿಲ್ಲ. ಗಣಿಯ ಬಾವಿಗಳು ಊರಿನಿಂದ ದೂರವಿರುತ್ತವೆ, ನಿಜ. ಆದರೆ ಬೇಲಿ ಕಿತ್ತುಹೋದ ಗಣಿ ಪ್ರದೇಶಕ್ಕೆ ದನ ಕುರಿ ಕಾಯುವ ಮಕ್ಕಳೇ ಮೊದಲು ಹೋಗುತ್ತಾರೆ.

5. ಪ್ರತಿ ಬಾವಿಗೂ ಪ್ರತ್ಯೇಕ ತೀರ್ಮಾನ

ಒಂದು ಗಣಿಯಲ್ಲಿ ನಾಲ್ಕು ವೀಕ್ಷಣಾ ಬಾವಿಗಳಿದ್ದರೆ ನಾಲ್ಕಕ್ಕೂ ಒಂದೇ ತೀರ್ಮಾನ ಸಲ್ಲದು. ಪ್ರತಿಯೊಂದಕ್ಕೂ ಮೂರು ದಾರಿಗಳಿವೆ.

ಮೊದಲನೆಯದು, ವೀಕ್ಷಣಾ ಬಾವಿಯಾಗಿಯೇ ಉಳಿಸಿಕೊಂಡು ವರ್ಗಾಯಿಸುವುದು. ಕೆಳಗಿನ ಲಕ್ಷಣಗಳಿದ್ದರೆ ಬಾವಿಯು ಉಳಿಸಲು ಯೋಗ್ಯ:
(ಅ) ಹಲವು ವರ್ಷಗಳ ಅಳತೆಯ ದಾಖಲೆ ಇರುವುದು;
(ಆ) ಗುಂಡಿಗೂ ಊರಿನ ಕುಡಿಯುವ ನೀರಿನ ಮೂಲಕ್ಕೂ ನಡುವೆ, ಇಳಿಜಾರಿನ ಕಡೆ ಇರುವುದು;
(ಇ) ಕೇಸಿಂಗ್ ಪೈಪು ಒಡೆಯದೆ, ಆಳವು ಮೂಲ ದಾಖಲೆಗೆ ಹೊಂದುವುದು;
(ಈ) ಬೇಸಿಗೆಯಲ್ಲಿಯೂ ನೀರಿನ ಮಟ್ಟ ಅಳತೆಗೆ ಸಿಗುವುದು;
(ಉ) ವರ್ಷವಿಡೀ ತಲುಪಲು ದಾರಿಯಿದ್ದು, ನೆಲದ ಒಡೆತನ ಸ್ಪಷ್ಟವಾಗಿರುವುದು.

ಎರಡನೆಯದು, ಕುಡಿಯುವ ನೀರಿಗೆ ಅಥವಾ ಇತರ ಬಳಕೆಗೆ ಪರಿವರ್ತಿಸುವುದು. ಇದು ಜನರಿಗೆ ಪ್ರಿಯವಾದ ದಾರಿಯಾದರೂ ಬಹಳ ಎಚ್ಚರದಿಂದ ಹಿಡಿಯಬೇಕಾದುದು. ಪಂಪು ಇಳಿಸಿದ ದಿನವೇ ಆ ಬಾವಿಯ ವೀಕ್ಷಣೆಯ ಉಪಯೋಗ ಮುಗಿಯುತ್ತದೆ. ಅದೂ ಅಲ್ಲದೆ ಅಳತೆಗೆಂದು ಕೊರೆದ ಸಣ್ಣ ವ್ಯಾಸದ ಬಾವಿಯಲ್ಲಿ ಸಾಕಷ್ಟು ನೀರು ದೊರೆಯುವ ಖಾತರಿಯಿಲ್ಲ. ಗಣಿಯ ಪಕ್ಕದ ನೀರನ್ನು ಪ್ರಯೋಗಾಲಯದ ವರದಿಯಿಲ್ಲದೆ ಕುಡಿಯಲು ಕೊಡಲೇಬಾರದು. ಭಾರತೀಯ ಮಾನಕ 10500ರ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಸಿಡಿಮದ್ದು ಬಳಸಿದ ಕ್ವಾರಿಗಳ ಬಳಿ ಇದನ್ನು ತಪ್ಪದೆ ನೋಡಬೇಕು. ಚಿನ್ನದ ಅದಿರು ತೆಗೆದ ಪ್ರದೇಶವಾದರೆ ಆರ್ಸೆನಿಕ್ ಪರೀಕ್ಷೆಯೂ ಅಗತ್ಯ. ಅದರ ಮಿತಿ 0.01 ಮಿಲಿಗ್ರಾಂ. ಕುದಿಸುವುದರಿಂದ ಈ ಮೂರೂ ಹೋಗುವುದಿಲ್ಲ ಎಂಬುದನ್ನು ಗ್ರಾಮಸ್ಥರಿಗೆ ತಿಳಿಸಬೇಕು.

ಮೂರನೆಯದು, ಶಾಶ್ವತವಾಗಿ ಮುಚ್ಚುವುದು. ಗುಂಡಿಯ ಅಂಚಿನಲ್ಲಿ ಕುಸಿಯುವ ಸ್ಥಿತಿಯಲ್ಲಿರುವ, ಕೇಸಿಂಗ್ ಒಡೆದ, ಕಲ್ಲು ಹಾಕಿ ಅರ್ಧ ತುಂಬಿದ, ವರ್ಷವಿಡೀ ಒಣಗಿರುವ, ದಾಖಲೆಯೇ ಇಲ್ಲದ ಬಾವಿಗಳನ್ನು ಮುಚ್ಚುವುದೇ ಸರಿ. “ಇರಲಿ, ಮುಂದೆ ನೋಡೋಣ” ಎಂಬುದು ನಾಲ್ಕನೆಯ ದಾರಿಯಲ್ಲ.

6. ವಹಿಸಿಕೊಳ್ಳುವ ಮುನ್ನ ಕೇಳಿ ಪಡೆಯಬೇಕಾದವು

ಬಾವಿಯನ್ನು ವಹಿಸಿಕೊಂಡರೆ ಅದರ ಸುರಕ್ಷತೆಯ ಹೊಣೆಯೂ ಪಂಚಾಯಿತಿಯದೇ ಆಗುತ್ತದೆ. ಆದ್ದರಿಂದ ಮೊದಲು ನೆಲದ ವಿಚಾರ ಸ್ಪಷ್ಟವಾಗಬೇಕು. ಗುತ್ತಿಗೆ ಪ್ರದೇಶವು ಅರಣ್ಯವಾಗಿದ್ದರೆ ಬಾವಿಯ ತೀರ್ಮಾನ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಆಗದು. ಸರ್ಕಾರಿ ಭೂಮಿಯಾಗಿದ್ದರೆ ಕಂದಾಯ ಇಲಾಖೆಯ, ಹಿಡುವಳಿಯಾಗಿದ್ದರೆ ಭೂಮಾಲೀಕರ ಲಿಖಿತ ಒಪ್ಪಿಗೆ ಬೇಕು. ಅನಂತರ ಗುತ್ತಿಗೆದಾರರಿಂದ ಈ ಕೆಳಗಿನವನ್ನು ಪಡೆಯತಕ್ಕದ್ದು:

1) ಬಾವಿಯ ಸಂಖ್ಯೆ, ಸರ್ವೆ ನಂಬರ್, ಅಕ್ಷಾಂಶ ರೇಖಾಂಶ ಮತ್ತು ಸಮುದ್ರಮಟ್ಟದಿಂದ ಎತ್ತರ.
2) ಕೊರೆದ ದಿನಾಂಕ, ಆಳ, ವ್ಯಾಸ, ಕೇಸಿಂಗ್ ಉದ್ದ, ಯಾವ ಆಳದಲ್ಲಿ ಯಾವ ಮಣ್ಣು ಅಥವಾ ಶಿಲೆ ಮತ್ತು ನೀರು ಸಿಕ್ಕಿತು ಎಂಬ ಕೊರೆತದ ಪಟ್ಟಿ.
3) ಆರಂಭದಿಂದ ಇಂದಿನವರೆಗಿನ ಎಲ್ಲ ನೀರಿನ ಮಟ್ಟದ ಅಳತೆಗಳು, ಮುದ್ರಿತ ಪ್ರತಿ ಮತ್ತು ಗಣಕಯಂತ್ರದ ಕಡತ ಎರಡೂ.
4) ಮುಂಗಾರಿಗೆ ಮೊದಲು ಮತ್ತು ಅನಂತರ ಮಾಡಿಸಿದ ನೀರಿನ ಗುಣ ಪರೀಕ್ಷೆಯ ವರದಿಗಳು.
5) ಮುಚ್ಚಳದ ಬೀಗದ ಕೈ, ಸ್ವಯಂಚಾಲಿತ ಮಾಪಕವಿದ್ದರೆ ಅದರ ಬ್ಯಾಟರಿ, ಸಿಮ್ ಸಂಪರ್ಕ, ಗುಪ್ತಪದ ಮತ್ತು ನಿರ್ವಹಣೆಯ ಕೈಪಿಡಿ.
6) ಮುಂದೆ ಬಾವಿಯನ್ನು ಮುಚ್ಚಬೇಕಾದಾಗ ಬೀಳುವ ವೆಚ್ಚವನ್ನು ಯಾರು ಭರಿಸುವರು ಎಂಬ ಲಿಖಿತ ಒಪ್ಪಂದ.

ಕೊನೆಯ ಅಂಶವನ್ನು ಬಿಡಬಾರದು. ಗುತ್ತಿಗೆದಾರರ ಆರ್ಥಿಕ ಭದ್ರತೆ ಬಿಡುಗಡೆಯಾಗುವ ಮುನ್ನ ಕೇಳಿದ ಮಾತಿಗೆ ತೂಕವಿರುತ್ತದೆ. ಅನಂತರ ಕೇಳಿದರೆ ಉತ್ತರಿಸುವವರೇ ಇರುವುದಿಲ್ಲ. ಪಂಚಾಯಿತಿಗೆ ನಿರ್ವಹಣೆ ಸಾಧ್ಯವಿಲ್ಲವೆನಿಸಿದರೆ, ಬಾವಿಯನ್ನು ತಮ್ಮ ವೀಕ್ಷಣಾ ಜಾಲಕ್ಕೆ ಸೇರಿಸಿಕೊಳ್ಳುವಂತೆ ಜಿಲ್ಲೆಯ ಅಂತರ್ಜಲ ಕಚೇರಿಯನ್ನು ಕೋರಬಹುದು.

7. ವಹಿಸಿಕೊಂಡ ಮೇಲೆ ಅಳತೆ

ಇದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ನೀರು ಮುಟ್ಟಿದಾಗ ಸದ್ದು ಮಾಡುವ ಅಳತೆಪಟ್ಟಿ ಇದ್ದರೆ ನಮ್ಮ ನೀರುಗಂಟಿಗಳೇ ಈ ಕೆಲಸವನ್ನು ಮಾಡಬಲ್ಲರು. ಪ್ರತಿ ತಿಂಗಳು ಗೊತ್ತಾದ ಒಂದೇ ದಿನ ಅಳೆಯಬೇಕು. ಸುತ್ತಲಿನ ಪಂಪುಗಳು ನಿಂತು ನಾಲ್ಕರಿಂದ ಆರು ಗಂಟೆ ಕಳೆದಿರಬೇಕು. ಇಲ್ಲವಾದರೆ ಅಳತೆ ತಪ್ಪು ಹೇಳುತ್ತದೆ. ಪೈಪಿನ ಬಾಯಿಯ ಮೇಲೆ ಬಣ್ಣದಿಂದ ಗುರುತಿಸಿದ ಒಂದೇ ಬಿಂದುವಿನಿಂದ ಅಳೆದು, ಪೈಪು ನೆಲದಿಂದ ಮೇಲಿರುವ ಎತ್ತರವನ್ನು ಕಳೆಯಬೇಕು. ಉದಾಹರಣೆಗೆ, ಪೈಪಿನ ಬಾಯಿಯಿಂದ ನೀರಿಗೆ 18.72 ಮೀಟರ್ ಇದ್ದು, ಪೈಪು ನೆಲದಿಂದ 0.45 ಮೀಟರ್ ಮೇಲಿದ್ದರೆ, ನೆಲಮಟ್ಟದಿಂದ ನೀರಿನ ಆಳ 18.27 ಮೀಟರ್, ಅಂದರೆ ಸುಮಾರು 60 ಅಡಿ.

ಅಳತೆಯನ್ನು ಪುಸ್ತಕದಲ್ಲಿ ಬರೆದು, ವರ್ಷಕ್ಕೆ ಎರಡು ಬಾರಿ ಗ್ರಾಮ ಸಭೆಯಲ್ಲಿ ಓದಬೇಕು. ಅಟಲ್ ಭೂಜಲ ಯೋಜನೆಯಡಿ ಆಯ್ಕೆಯಾದ ರಾಜ್ಯದ 14 ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆಯೂ ಒಂದು. ಆ ಯೋಜನೆಯಲ್ಲಿ ಪಂಚಾಯಿತಿ ಮಟ್ಟದ ನೀರಿನ ಭದ್ರತಾ ಯೋಜನೆಯನ್ನು ಗ್ರಾಮಸ್ಥರೇ ಕೂಡಿ ತಯಾರಿಸುವ ಕ್ರಮ ಬಂದಿದೆ. ವೀಕ್ಷಣಾ ಬಾವಿಯ ಅಂಕಿಗಳು ಇಂತಹ ಯೋಜನೆಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ.

8. ಮುಚ್ಚುವ ಸರಿಯಾದ ವಿಧಾನ

ಮೇಲಿನಿಂದ ಮಣ್ಣು ಸುರಿದರೆ ಬಾವಿ ಮುಚ್ಚಿದಂತಲ್ಲ. ದೊಡ್ಡ ಕಲ್ಲೊಂದು ನಡುವೆ ಸಿಕ್ಕಿಕೊಂಡು ಕೆಳಗೆ ಟೊಳ್ಳು ಉಳಿಯುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಮೇಲಿನ ಮಣ್ಣು ಕುಸಿದು ಬಾಯಿ ಮತ್ತೆ ತೆರೆದುಕೊಳ್ಳುತ್ತದೆ. ಮುಚ್ಚಿದ್ದೇವೆ ಎಂಬ ನಂಬಿಕೆಯಲ್ಲಿ ಯಾರೂ ಅತ್ತ ನೋಡುವುದೂ ಇಲ್ಲ. ಜೊತೆಗೆ ಆ ಟೊಳ್ಳು ಮೇಲಿನ ಕೊಳಕು ನೀರನ್ನು ನೇರವಾಗಿ ಆಳದ ಬಿರುಕುಗಳಿಗೆ ಇಳಿಸುವ ಕೊಳವೆಯಾಗುತ್ತದೆ. ಕ್ರಮ ಹೀಗಿರಬೇಕು:

1) ಬಾವಿಯ ಆಳವನ್ನು ಅಳೆದು ಮೂಲ ದಾಖಲೆಯೊಂದಿಗೆ ಹೋಲಿಸುವುದು. ಕೊನೆಯ ಬಾರಿಗೆ ನೀರಿನ ಮಟ್ಟ ಅಳೆದು, ಮಾದರಿ ತೆಗೆದು ಪರೀಕ್ಷೆಗೆ ಕಳುಹಿಸುವುದು.
2) ಮಾಪಕ, ತಂತಿ, ಹಗ್ಗ, ಸಿಕ್ಕಿಕೊಂಡ ಕಲ್ಲುಗಳನ್ನು ಹೊರತೆಗೆಯುವುದು.
3) ತಳದಿಂದ ಮೇಲಕ್ಕೆ ತುಂಬುವುದು. ಜೇಡಿಮಣ್ಣು, ಶುಚಿಯಾದ ಮರಳು, ಸಣ್ಣ ಜಲ್ಲಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ, ಪ್ರತಿ ಹಂತದಲ್ಲಿ ಆಳವನ್ನು ಅಳೆಯುವುದು. ಕಸ, ಪ್ಲಾಸ್ಟಿಕ್, ಸೊಪ್ಪು, ಗಣಿಯ ತ್ಯಾಜ್ಯ ಇವುಗಳನ್ನು ಎಂದಿಗೂ ಬಳಸಬಾರದು.
4) ಮೇಲಿನ ಭಾಗವನ್ನು ಸಿಮೆಂಟ್ ಹಾಲಿನಿಂದ ಭದ್ರಪಡಿಸುವುದು. ಕೊಳಕು ನೀರಿನ ಶಂಕೆಯಿರುವಲ್ಲಿ ಇಡೀ ಬಾವಿಯನ್ನು ತಳದವರೆಗೆ ಇಳಿಸಿದ ಪೈಪಿನ ಮೂಲಕ ಸಿಮೆಂಟ್ ಹಾಲಿನಿಂದಲೇ ತುಂಬುವುದು ಉತ್ತಮ. ಯಾವುದು ಅಗತ್ಯವೆಂಬುದನ್ನು ಅಂತರ್ಜಲ ಕಚೇರಿಯ ಭೂವಿಜ್ಞಾನಿಯವರು ಸ್ಥಳ ನೋಡಿ ಹೇಳಬೇಕು.
5) ಕೇಸಿಂಗನ್ನು ನೆಲಮಟ್ಟದಿಂದ ಸುಮಾರು ಒಂದು ಮೀಟರ್ ಕೆಳಗೆ ಕತ್ತರಿಸಿ, ಕಾಂಕ್ರೀಟ್ ಹಾಕಿ, ಮೇಲೆ ಮಣ್ಣನ್ನು ದಿಣ್ಣೆಯಂತೆ ಏರಿಸುವುದು.
6) ಬಾವಿಯ ಸಂಖ್ಯೆ ಮತ್ತು ಮುಚ್ಚಿದ ದಿನಾಂಕದ ಗುರುತುಕಲ್ಲು ನೆಡುವುದು. ಪ್ರತಿ ಹಂತದ ಛಾಯಾಚಿತ್ರದೊಂದಿಗೆ ಪ್ರಮಾಣಪತ್ರ ಪಡೆಯುವುದು. ಮುಂದಿನ ಮಳೆಗಾಲ ಮುಗಿದ ಮೇಲೆ ಒಮ್ಮೆ ಹೋಗಿ ನೋಡುವುದು.

ವೆಚ್ಚದ ಪಟ್ಟಿಯನ್ನು ಪರಿಶೀಲಿಸಲು ಸದಸ್ಯರಿಗೆ ಒಂದು ಸರಳ ಲೆಕ್ಕ. ಆರೂವರೆ ಅಂಗುಲ, ಅಂದರೆ 165 ಮಿಲಿಮೀಟರ್ ವ್ಯಾಸದ ಬಾವಿಯ ಒಂದು ಮೀಟರ್ ತುಂಬಲು ಸುಮಾರು 21 ಲೀಟರ್ ಬೇಕು. 50 ಕಿಲೋದ ಒಂದು ಚೀಲ ಸಿಮೆಂಟಿಗೆ 25 ಲೀಟರ್ ನೀರು ಬೆರೆಸಿದರೆ ಸುಮಾರು 41 ಲೀಟರ್ ಸಿಮೆಂಟ್ ಹಾಲು ದೊರೆಯುತ್ತದೆ. 60 ಮೀಟರ್ ಆಳದ ಬಾವಿಯನ್ನು ಪೂರ್ತಿ ತುಂಬಲು ಸುಮಾರು 32 ಚೀಲ ಬೇಕಾಗುತ್ತದೆ. ಬಿರುಕುಗಳು ಹೀರಿಕೊಂಡರೆ ಇನ್ನೂ ಹೆಚ್ಚು. ಕೆಳಗೆ ಜೇಡಿ ಮತ್ತು ಜಲ್ಲಿ ತುಂಬಿ ಮೇಲಿನ 6 ಮೀಟರ್ ಮಾತ್ರ ಸಿಮೆಂಟ್ ಹಾಕುವುದಾದರೆ 3ರಿಂದ 4 ಚೀಲ ಸಾಕು. ಪೂರ್ತಿ ಸಿಮೆಂಟಿನಿಂದ ತುಂಬಿದೆವೆಂದು ಹೇಳಿ ಐದು ಚೀಲದ ರಸೀದಿ ತೋರಿಸಿದರೆ ಬಾವಿಯೊಳಗೆ ಟೊಳ್ಳು ಉಳಿದಿದೆ ಎಂದೇ ತಿಳಿಯಬೇಕು.

9. ಪಂಚಾಯಿತಿಯ ನಿರ್ಣಯ

ಗುತ್ತಿಗೆ ಮುಗಿಯುವ ಸುಳಿವು ದೊರೆತ ಕೂಡಲೇ ಪಂಚಾಯಿತಿಯು ಬಾವಿಗಳ ಪಟ್ಟಿ ಮಾಡಿ, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ಕಚೇರಿ ಮತ್ತು ಗ್ರಾಮೀಣ ಕುಡಿಯುವ ನೀರು ವಿಭಾಗದ ಅಧಿಕಾರಿಗಳೊಂದಿಗೆ ಜಂಟಿ ಸ್ಥಳ ಪರಿಶೀಲನೆ ಕೋರುವುದು ಸೂಕ್ತ. ಆ ವರದಿಯನ್ನು ಗ್ರಾಮ ಸಭೆಯಲ್ಲಿ ಓದಿ, ಅನಂತರ ಸಾಮಾನ್ಯ ಸಭೆಯಲ್ಲಿ ನಿರ್ಣಯ ಅಂಗೀಕರಿಸಬಹುದು. ಅನುಕೂಲಕ್ಕಾಗಿ ಮಾದರಿಯೊಂದನ್ನು ಇಲ್ಲಿ ಕೊಡಲಾಗಿದೆ:

“………… ಗ್ರಾಮದ ಸರ್ವೆ ನಂಬರ್ …………ರಲ್ಲಿ ಗಣಿ/ಕ್ವಾರಿ ಗುತ್ತಿಗೆಯ ಅವಧಿ ಮುಗಿದಿದ್ದು, ಅಲ್ಲಿರುವ …… ವೀಕ್ಷಣಾ ಕೊಳವೆಬಾವಿಗಳನ್ನು ದಿನಾಂಕ …………ರಂದು ಜಂಟಿಯಾಗಿ ಪರಿಶೀಲಿಸಲಾಗಿದೆ. ಅವುಗಳ ಪೈಕಿ ಸಂಖ್ಯೆ ……ನ್ನು, ನೆಲದ ಒಡೆತನದ ಒಪ್ಪಿಗೆ ಮತ್ತು ಪೂರ್ಣ ದಾಖಲೆಗಳು ಹಸ್ತಾಂತರವಾದ ಮೇಲೆ, ವೀಕ್ಷಣೆಯ ಉದ್ದೇಶಕ್ಕೆ ಮಾತ್ರ ವಹಿಸಿಕೊಳ್ಳಲು. ಸಂಖ್ಯೆ ……ನ್ನು ಗುತ್ತಿಗೆದಾರರ ವೆಚ್ಚದಲ್ಲಿ ತಳದಿಂದ ನೆಲಮಟ್ಟದವರೆಗೆ ಮುಚ್ಚಿಸಿ ಪ್ರಮಾಣಪತ್ರ ಪಡೆಯಲು. ಈ ಎರಡೂ ಕಾರ್ಯಗಳು ಮುಗಿಯುವವರೆಗೆ ಗುತ್ತಿಗೆದಾರರ ಭದ್ರತಾ ಮೊತ್ತವನ್ನು ಬಿಡುಗಡೆ ಮಾಡದಿರುವಂತೆ ಸಂಬಂಧಪಟ್ಟ ಇಲಾಖೆಯನ್ನು ಕೋರಲು ಸಭೆಯು ತೀರ್ಮಾನಿಸಿತು.”

ವಹಿಸಿಕೊಂಡ ಬಾವಿಯನ್ನು ಆಸ್ತಿ ವಹಿಯಲ್ಲಿಯೂ, ಮುಚ್ಚಿದ ಬಾವಿಯನ್ನು ಅದೇ ಪುಟದಲ್ಲಿ ಪ್ರತ್ಯೇಕವಾಗಿಯೂ ನಮೂದಿಸಬೇಕು. ಮುಂದೆ ಅದೇ ಜಾಗದಲ್ಲಿ ಯಾರಾದರೂ ಮನೆ ಕಟ್ಟುವಾಗ, ಕೃಷಿಹೊಂಡ ತೆಗೆಯುವಾಗ ಆ ನಮೂದು ಉಪಯೋಗಕ್ಕೆ ಬರುತ್ತದೆ.

ಮಾನ್ಯ ಸದಸ್ಯರ ಅಧಿಕಾರಾವಧಿ ಐದು ವರ್ಷ. ಗಣಿಯ ಗುಂಡಿಯಲ್ಲಿ ನೀರು ಏರಿ ನಿಲ್ಲಲು ಅದಕ್ಕಿಂತ ಹೆಚ್ಚು ಕಾಲ ಬೇಕಾಗಬಹುದು. ಆದುದರಿಂದ ಇಂದು ಸಭೆಯಲ್ಲಿರುವವರು ಬರೆದಿಟ್ಟ ಅಳತೆಯನ್ನು ಓದುವವರು ಮುಂದಿನ ಸಭೆಯವರು. ತಮ್ಮ ವ್ಯಾಪ್ತಿಯಲ್ಲಿ ನಿಂತುಹೋದ ಗಣಿ ಅಥವಾ ಕ್ವಾರಿ ಇದ್ದಲ್ಲಿ, ಬರುವ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಬಾವಿಗಳ ಪಟ್ಟಿಯನ್ನು ಸಿದ್ಧಪಡಿಸಬೇಕೆಂದು ಕೋರಲಾಗಿದೆ. ಬಾಯಿ ತೆರೆದ ಬಾವಿ ಕಂಡುಬಂದರೆ ಮಾತ್ರ ಸಭೆಗಾಗಿ ಕಾಯದೆ, ಅಂದೇ ಭದ್ರವಾದ ಮುಚ್ಚಳ ಹಾಕಿಸತಕ್ಕದ್ದು.